ಜೇಡನ ಎಳೆ ಮತ್ತು ಸಾವಿರ ಗಜದ ಗುರಿ

ಸುಮಾರು 1639ರ ಮಾತು. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ವಿಲಿಯಂ ಗ್ಯಾಸ್ಕಾಯ್ನ್ ಎಂಬ ಯುವಕನಿದ್ದ. ಆಕಾಶ ನೋಡುವ ಹುಚ್ಚು ಅವನಿಗೆ. ಒಂದು ದಿನ ಅವನ ದುರ್ಬೀನಿನ ಕೊಳವೆಯೊಳಗೆ ಜೇಡ ಒಂದು ಎಳೆ ಕಟ್ಟಿಬಿಟ್ಟಿತ್ತು. ಕಣ್ಣಿಟ್ಟು ನೋಡಿದರೆ ದೂರದ ವಸ್ತುವೂ ಸ್ಪಷ್ಟ, ಆ ಎಳೆಯೂ ಸ್ಪಷ್ಟ. ಇವತ್ತಿನ ರೈಫಲ್ ಸ್ಕೋಪಿನೊಳಗೆ, ಅಂದರೆ ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನೊಳಗೆ, ಕಾಣುವ ಗೆರೆಗಳ ಮೂಲ ಇದೇ.

ಹಾಗೇಕಾಯಿತು? ಎರಡು ಉಬ್ಬು ಲೆನ್ಸಿನ ದುರ್ಬೀನಿನಲ್ಲಿ ಮುಂದಿನ ಲೆನ್ಸ್ ದೂರದ ವಸ್ತುವಿನ ಚಿತ್ರವನ್ನು ಕೊಳವೆಯೊಳಗೇ ಮೂಡಿಸುತ್ತದೆ. ಜೇಡನ ಎಳೆ ಸರಿಯಾಗಿ ಆ ಜಾಗದಲ್ಲೇ ಇತ್ತು. ಕಣ್ಣಿನ ಬಳಿಯ ಲೆನ್ಸ್ ಎರಡನ್ನೂ ಒಟ್ಟಿಗೆ ದೊಡ್ಡದು ಮಾಡಿ ತೋರಿಸಿತು.

ಸ್ಕೋಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು, "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ?" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಚಿತ್ರವೂ ಗೆರೆಯೂ ಒಂದೇ ಜಾಗದಲ್ಲಿ ಕೂರುತ್ತವೆಯೇ? ಮೊದಲು ಅದನ್ನು ನೋಡಬೇಕು.

ಗುರಿಯ ದೂರ ಬದಲಾದರೆ ಚಿತ್ರ ಮೂಡುವ ಜಾಗವೂ ಕೊಂಚ ಹಿಂದೆ ಮುಂದೆ ಆಗುತ್ತದೆ. ಆಗ ಕಣ್ಣು ಸ್ವಲ್ಪ ಅಲುಗಿದರೂ ಗೆರೆ ಗುರಿಯ ಮೇಲೆ ಜಾರಿದಂತೆ ಕಾಣುತ್ತದೆ. ಪಕ್ಕದ ಸೀಟಿನಲ್ಲಿ ಕೂತು ಕಾರಿನ ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆ ಅಂಕಿ ತೋರಿಸುತ್ತದಲ್ವಾ, ಹಾಗೆ. ಇದೇ ಪ್ಯಾರಲಾಕ್ಸ್. ಮುಂದಿನ ಲೆನ್ಸ್ 50 ಮಿಲಿಮೀಟರ್ ಅಗಲ ಇರುವ, 100 ಮೀಟರಿಗೆ ಹೊಂದಿಸಿದ ಸ್ಕೋಪಿನಲ್ಲಿ 500 ಮೀಟರಿನ ಗುರಿ ನೋಡಿ. ಕಣ್ಣು ತೀರಾ ಅಂಚಿಗೆ ಸರಿದರೆ ತಪ್ಪು 10 ಸೆಂಟಿಮೀಟರ್ ತನಕ ಹೋಗಬಹುದು. ಅದಕ್ಕೇ ದೂರದ ಗುರಿಯ ಸ್ಕೋಪಿಗೆ ಇದನ್ನು ಸರಿಪಡಿಸುವ ತಿರುಪು ಇರಲೇಬೇಕು. ಮೊದಲು ಖಾಲಿ ಬಿಳಿ ಗೋಡೆ ನೋಡಿ, ಗೆರೆಗಳು ಚೂಪಾಗಿ ಕಾಣುವಂತೆ ಕಣ್ಣಿನ ಬಳಿಯ ಉಂಗುರ ತಿರುಗಿಸಿ. ಆಮೇಲೆ ಖಾಲಿ ಬಂದೂಕನ್ನು ಭದ್ರವಾಗಿ ಊರಿ, ತಲೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುತ್ತಾ ಪ್ಯಾರಲಾಕ್ಸ್ ತಿರುಪು ತಿರುಗಿಸಿ. ಗೆರೆ ಗುರಿಯ ಮೇಲೆ ಅಲುಗದೆ ನಿಂತಾಗ ಸರಿಯಾಯಿತು. ತಿರುಪಿನ ಮೇಲೆ ಅಚ್ಚಾದ ದೂರದ ಅಂಕಿಗಳನ್ನು ಜಾಸ್ತಿ ನಂಬಬೇಡಿ.

ಇನ್ನು ಯಾವ ಸ್ಕೋಪ್ ಎಂಬುದು ಯಾವ ಆಟ ಎಂಬುದರ ಮೇಲೆ ನಿಂತಿದೆ. ಇಂಗ್ಲೆಂಡಿನ ಬಿಸ್ಲಿಯಲ್ಲಿ 1890ರಿಂದ ಗುರಿ ಸ್ಪರ್ಧೆಗಳು ನಡೆಯುತ್ತಿವೆ. ಅಲ್ಲಿನ ಸ್ಟಿಕಲ್‌ಡೌನ್ ಮೈದಾನದಲ್ಲಿ 1200 ಗಜದವರೆಗೂ ಹೊಡೆಯುತ್ತಾರೆ. ಈಗ ಅಲ್ಲಿ ಎಫ್-ಕ್ಲಾಸ್ ಎಂಬ ಸ್ಪರ್ಧೆಯೂ ಇದೆ. ಅದನ್ನು ಶುರು ಮಾಡಿದ್ದು ಕೆನಡಾದ ಜಾರ್ಜ್ ಫಾರ್ಕರ್ಸನ್. ವಯಸ್ಸಾಗಿ ಕಣ್ಣು ಮಂಜಾದವರೂ ಸ್ಕೋಪ್ ಹಾಕಿಕೊಂಡು, ಬಂದೂಕನ್ನು ಆಸರೆಯ ಮೇಲಿಟ್ಟು ಆಟ ಮುಂದುವರಿಸಲಿ ಎಂಬುದು ಆಸೆ. ಎಷ್ಟು ಒಳ್ಳೆಯ ಯೋಚನೆ!

ಎಫ್-ಕ್ಲಾಸ್‌ನಲ್ಲಿ 1000 ಗಜಕ್ಕೆ ನಟ್ಟನಡುವಿನ ವೃತ್ತ ಸುಮಾರು 5 ಇಂಚು ಅಗಲ. ಗುಂಡು ಬೀಳುವ ಜಾಗ ಹೊಂದಿಸಲು ಸ್ಕೋಪಿನಲ್ಲಿ ಬೇರೆಯೇ ತಿರುಪು ಇದೆ, ಅದು ಒಂದೊಂದೇ ಕ್ಲಿಕ್ ತಿರುಗುತ್ತದೆ. ಒಂದು ಕ್ಲಿಕ್ 0.1 ಮಿಲ್ (ಒಂದು ಮಿಲ್ ಎಂದರೆ ಗುರಿಯ ದೂರದ ಸಾವಿರದ ಒಂದು ಭಾಗದಷ್ಟು ಸರಿಸುವ ಕೋನ) ಆದರೆ, ಆ ದೂರದಲ್ಲಿ ಗುಂಡು ಬೀಳುವ ಜಾಗ 3.6 ಇಂಚು ಸರಿಯುತ್ತದೆ. 5 ಇಂಚಿನ ವೃತ್ತಕ್ಕೆ ಇದು ತೀರಾ ಒರಟು. ಅದೇ ಕ್ಲಿಕ್ ಎಂಟನೇ ಒಂದು ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಆದರೆ 1.3 ಇಂಚು ಮಾತ್ರ. ದೂರ ಮೊದಲೇ ಗೊತ್ತು, ಮಲಗಿಯೇ ಹೊಡೆಯುವುದು. ಹಾಗಾಗಿ ಇಲ್ಲಿ ಸಣ್ಣ ಕ್ಲಿಕ್, ಕೂದಲೆಳೆಯಂಥ ಗೆರೆ, ಜಾಸ್ತಿ ಪಟ್ಟು ಎಲ್ಲವೂ ಸರಿ.

ಬಯಲಿನಲ್ಲಿ ಒಂದು ಗುರಿಯಿಂದ ಇನ್ನೊಂದಕ್ಕೆ ಓಡಾಡುತ್ತಾ ಹೊಡೆಯುವವರಿಗೆ ಇದೇ ಸ್ಕೋಪ್ ತೊಡಕು. ಅವರು ಎಷ್ಟೋ ಸಲ ತಿರುಪು ಮುಟ್ಟದೆ, ಗೆರೆಗಳ ಗುರುತನ್ನೇ ಅಳತೆಗೋಲಿನಂತೆ ಬಳಸುತ್ತಾರೆ. ಇಂಥ ಸ್ಕೋಪಿನೊಳಗೆ ಚಿತ್ರ ಎರಡು ಕಡೆ ಮೂಡುತ್ತದೆ, ಪಟ್ಟು ಬದಲಿಸುವ ಲೆನ್ಸುಗಳ ಮುಂದೆ ಒಂದು, ಹಿಂದೆ ಒಂದು. ಗೆರೆ ಮುಂದಿನ ಚಿತ್ರತಲದಲ್ಲಿದ್ದರೆ ಪಟ್ಟು ಬದಲಾದಂತೆ ಗೆರೆಯೂ ದೊಡ್ಡದು ಚಿಕ್ಕದು ಆಗುತ್ತದೆ. ಅಳತೆ ಯಾವಾಗಲೂ ನಿಜವೇ. ಹಿಂದಿನ ತಲದಲ್ಲಿದ್ದರೆ ಹಾಗಲ್ಲ. 25 ಪಟ್ಟಿನಲ್ಲಿ 1 ಮಿಲ್ ಇದ್ದ ಅಂತರ, 12.5 ಪಟ್ಟಿಗೆ ಇಳಿಸಿದ ಕೂಡಲೇ 2 ಮಿಲ್ ಆಗಿಬಿಡುತ್ತದೆ. ಅವಸರದಲ್ಲಿ ಇದು ಮರೆತುಹೋಗುತ್ತದೆ, ಗುಂಡು ತಪ್ಪುತ್ತದೆ.

ಪಟ್ಟು ಹೆಚ್ಚಿಸುವುದಕ್ಕೂ ಬೆಲೆ ತೆರಬೇಕು. ಮುಂದಿನ ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. ಕಣ್ಣಿಗೆ ಬರುವ ಬೆಳಕಿನ ಕಟ್ಟಿನ ಅಗಲ ಅದು. 50 ಮಿಲಿಮೀಟರ್ ಲೆನ್ಸ್, 10 ಪಟ್ಟು ಎಂದರೆ 5 ಮಿಲಿಮೀಟರ್. 25 ಪಟ್ಟಿಗೆ ಬರೀ 2. ಮುಸ್ಸಂಜೆಯಲ್ಲಿ ಚಿತ್ರ ಮಂಕಾಗುತ್ತದೆ, ಕಣ್ಣಿಡುವ ಜಾಗವೂ ಇಕ್ಕಟ್ಟಾಗುತ್ತದೆ. ಬಿಸಿಲಲ್ಲಿ ನೆಲದಿಂದ ಏಳುವ ಬಿಸಿಗಾಳಿಯ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ದಪ್ಪ ಕೊಳವೆಯಿಂದ ಜಾಸ್ತಿ ಬೆಳಕು ಬರುತ್ತದೆ ಅನ್ನುವುದು ಸುಮ್ನೆ ಮಾತು. 34 ಮಿಲಿಮೀಟರ್ ಕೊಳವೆಯ ನಿಜವಾದ ಲಾಭ, ತಿರುಪು ತಿರುಗಿಸಿದಾಗ ಒಳಗಿನ ಭಾಗ ಓಲಾಡಲು ಸಿಗುವ ಜಾಗ. .308 (0.308 ಇಂಚು ದಪ್ಪದ) ರೈಫಲ್ ಗುಂಡು 1000 ಮೀಟರ್ ತಲುಪುವಷ್ಟರಲ್ಲಿ 10 ಮೀಟರಿಗೂ ಜಾಸ್ತಿ ಕೆಳಗಿಳಿದಿರುತ್ತದೆ. ಅಷ್ಟನ್ನೂ ತಿರುಪಿನಲ್ಲಿ ಏರಿಸಬೇಕು.

ಏರಿಸಿದ್ದು ನಿಜವಾಗಿ ಏರಿತೇ? ಸರಿಯಾದ ಶೂಟಿಂಗ್ ರೇಂಜಿನಲ್ಲಿ ಇದನ್ನು ನೋಡಲೇಬೇಕು. ಸರಿಯಾಗಿ 100 ಮೀಟರ್ ದೂರದಲ್ಲಿ ಒಂದು ಎತ್ತರದ ಹಲಗೆ ನಿಲ್ಲಿಸಿ, ತೂಗುಗುಂಡು ಹಿಡಿದು ನೆಟ್ಟಗೆ ಗೆರೆ ಎಳೆಯಿರಿ. ಬುಡಕ್ಕೆ ಗುರಿಯಿಟ್ಟು ಹೊಡೆಯಿರಿ. 10 ಮಿಲ್ ಏರಿಸಿ, ಅದೇ ಬುಡಕ್ಕೆ ಗುರಿಯಿಟ್ಟು ಮತ್ತೆ ಹೊಡೆಯಿರಿ. ಗುಂಡು 1 ಮೀಟರ್ ಮೇಲೆ ಬೀಳಬೇಕು. 98 ಸೆಂಟಿಮೀಟರಿಗೆ ಬಿದ್ದರೆ ನೂರಕ್ಕೆ 2ರಷ್ಟು ತಪ್ಪು. 1000 ಮೀಟರಿನಲ್ಲಿ ಅದು 20 ಸೆಂಟಿಮೀಟರಿಗೂ ಜಾಸ್ತಿ. ಆಮೇಲೆ ತಿರುಪನ್ನು ಸೊನ್ನೆಗೆ ತಂದು ಇನ್ನೊಂದು ಗುಂಡು ಹೊಡೆಯಿರಿ. ಅದು ಮೊದಲ ತೂತಿನ ಪಕ್ಕದಲ್ಲೇ ಬಿತ್ತೇ ನೋಡಿ.