ಕಡಲ ಬದಿಯ ಜಾಗ: ಬೇಲಿ ಎಲ್ಲಿಗೆ ನಿಲ್ಲಬೇಕು?

ಕಡಲ ಬದಿ ಜಾಗ ಕೊಂಡವರು ಕ್ರಯಪತ್ರ ಹಿಡಿದು ಬಂದರೆ ಬೆರಳಿಡುವುದು ಚಕ್ಕುಬಂದಿಯ (ನಾಲ್ಕು ದಿಕ್ಕಿನ ಎಲ್ಲೆಯ ವಿವರದ) ಒಂದೇ ಸಾಲಿನ ಮೇಲೆ: ‘ಪಶ್ಚಿಮಕ್ಕೆ: ಸಮುದ್ರ’. “ನೋಡಿ ಸಾರ್, ನೀರಿನವರೆಗೂ ನಮ್ಮದೇ. ದೋಣಿಯವರು ನಮ್ಮ ಮರಳಲ್ಲಿ ಬಲೆ ಹರವಿದರೆ ಸುಮ್ಮನಿರಬೇಕಾ?” ಪಹಣಿ ಸರಿ ಇರುತ್ತದೆ, ಋಣಭಾರ ಪತ್ರ ಸರಿ ಇರುತ್ತದೆ, ದುಡ್ಡೂ ಕೊಟ್ಟಾಗಿರುತ್ತದೆ. ಆ ಒಂದು ಸಾಲಿನ ಅರ್ಥ ಮಾತ್ರ ತಪ್ಪಿರುತ್ತದೆ. ಉಡುಪಿ ಜಿಲ್ಲೆಯಲ್ಲಿ, ಉತ್ತರ ಕನ್ನಡದಲ್ಲಿ ಕಡಲ ದಂಡೆಗೆ ಗೇಟು ಬೀಳುವುದರ ಹಿಂದೆ ಬಹಳ ಸಲ ಇರುವುದು ಇದೇ.

ಚಕ್ಕುಬಂದಿ ನಿಮ್ಮ ಪಕ್ಕದಲ್ಲಿ ಏನಿದೆ ಎಂದು ಹೇಳುತ್ತದೆ, ಅಷ್ಟೆ. ಪೂರ್ವಕ್ಕೆ ರಸ್ತೆ ಎಂದು ಬರೆದ ಮಾತ್ರಕ್ಕೆ ರಸ್ತೆ ಯಾರದೂ ಆಗುವುದಿಲ್ಲ. ಪಶ್ಚಿಮದ ಸಮುದ್ರವೂ ಹಾಗೆಯೇ. ನಿಮ್ಮ ಕೊನೆಯ ಗಡಿಕಲ್ಲಿಗೂ ನೀರಿಗೂ ನಡುವೆ ಇರುವ ಮರಳು ಸಾಮಾನ್ಯವಾಗಿ ಸಮುದ್ರ ಪರಂಬೋಕು, ಅಂದರೆ ಸರ್ಕಾರದ್ದು. ಬರೆದವರು ಅದನ್ನು ಬಿಟ್ಟು ಚುಟುಕಾಗಿ ‘ಸಮುದ್ರ’ ಎಂದಿರುತ್ತಾರೆ. ಇನ್ನು ಉಬ್ಬರದ ಗೆರೆಯ ಕೆಳಗಿನ ಸಮುದ್ರತಳ ಮತ್ತು ಅಳಿವೆಯ ತಳದ ಬಗ್ಗೆ ಚರ್ಚೆಗೇ ಜಾಗವಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಅದನ್ನು ರಾಜ್ಯ ಸರ್ಕಾರದ ಸ್ವತ್ತು ಎನ್ನುತ್ತದೆ.

ತಿಳಿದವರು ಇಲ್ಲೊಂದು ವಾದ ತರುತ್ತಾರೆ: ವಿಸ್ತೀರ್ಣ, ಚಕ್ಕುಬಂದಿ ತಾಳೆಯಾಗದಿದ್ದರೆ ಚಕ್ಕುಬಂದಿಯೇ ಮೇಲು ಎಂದು ಕೋರ್ಟುಗಳು ಹೇಳಿಲ್ಲವೇ? ಹೇಳಿವೆ. ಆದರೆ ಆ ತತ್ವ ಮಾರಿದವನಿಗೆ ಇದ್ದ ಜಾಗದ ಎಲ್ಲೆ ಗುರುತಿಸಲು. ಅವನಿಗೇ ಇಲ್ಲದ ಹಕ್ಕು ನಿಮ್ಮ ಕೈಗೆ ಬರುವುದಿಲ್ಲ. ಅವನಿಗೆ ಎಷ್ಟಿತ್ತು ಎಂಬುದು ಮೂಲಪತ್ರ ಮತ್ತು ಸರ್ವೆ ದಾಖಲೆಯಲ್ಲಿ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಪಹಣಿಯಲ್ಲಿ 50 ಸೆಂಟ್ಸ್ ಇದೆ ಎನ್ನೋಣ. ಒಂದು ಸೆಂಟ್ಸ್ 40.47 ಚದರ ಮೀಟರ್, ಒಟ್ಟು ಸುಮಾರು 2,023. ಕಡಲಿಗೆ ಮುಖ ಮಾಡಿದ ಅಗಲ 25 ಮೀಟರ್ ಆದರೆ ಉದ್ದ ಸುಮಾರು 81 ಮೀಟರ್. ಪೂರ್ವದ ರಸ್ತೆ ಬದಿಯ ಕಲ್ಲಿನಿಂದ 81 ಮೀಟರ್ ಅಳೆದಾಗ ಟೇಪು ಗಾಳಿಮರದ ಸಾಲಿನ ಹತ್ತಿರ ಮುಗಿದು, ಅಲ್ಲಿಂದ ನೀರಿಗೆ ಇನ್ನೂ 40 ಮೀಟರ್ ಇದ್ದರೆ, ಆ 40 ಮೀಟರ್ ನಿಮ್ಮದಲ್ಲ. ಅಳತೆ ಯಾವಾಗಲೂ ಪೂರ್ವದಿಂದಲೇ ಶುರುವಾಗಬೇಕು. ಪಶ್ಚಿಮದ ಕಲ್ಲು ಮರಳಲ್ಲಿ ಹೂತಿರುತ್ತದೆ, ಕೊಚ್ಚಿ ಹೋಗಿರುತ್ತದೆ, ಅಥವಾ ಯಾರೋ ಅನುಕೂಲ ನೋಡಿ ಮುಂದೆ ನೆಟ್ಟಿರುತ್ತಾರೆ.

ಕಡಲ್ಕೊರೆತ ಆದಲ್ಲಿ ಲೆಕ್ಕ ಉಲ್ಟಾ. ಅದೇ ಜಾಗದಲ್ಲಿ 15 ಮೀಟರ್ ಕಡಲಿಗೆ ಹೋದರೆ 375 ಚದರ ಮೀಟರ್, ಅಂದರೆ 9 ಸೆಂಟ್ಸಿಗೂ ಹೆಚ್ಚು ನೆಲದಲ್ಲಿಲ್ಲ. ಪಹಣಿ ಮಾತ್ರ ತಾನಾಗಿ ಬದಲಾಗದೆ 50 ಸೆಂಟ್ಸ್ ಎಂದೇ ತೋರಿಸುತ್ತಿರುತ್ತದೆ. ಮಾರುವವರು ಪಹಣಿ ನೋಡಿ ಬೆಲೆ ಹೇಳುತ್ತಾರೆ, ಕೊಳ್ಳುವವರು ಪಹಣಿ ನೋಡಿಯೇ ಕೊಡುತ್ತಾರೆ. ಮುಂಗಡ ಕೊಡುವ ಮೊದಲು ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಅಳೆದು ಗಡಿ ಗುರುತಿಸಲು, ಅರ್ಜಿ ಹಾಕಿಸಿ. ಮೂಲ ಸರ್ವೆ ನಕ್ಷೆ, ಗ್ರಾಮ ನಕಾಶೆ ಎರಡೂ ತೆಗೆಸಿ. ನಕಾಶೆಯಲ್ಲಿ ಕಾಲುದಾರಿಯನ್ನು ಚುಕ್ಕಿಗೆರೆಯಲ್ಲಿ ತೋರಿಸಿರುತ್ತಾರೆ. ಅದು ನಿಮ್ಮ ಸರ್ವೆ ನಂಬರ್ ದಾಟಿ ದಂಡೆಗೆ ಹೋಗುತ್ತಿದೆಯೇ ನೋಡಿ. ಹೋಗುತ್ತಿದ್ದರೆ ಆ ದಾರಿಯನ್ನು ಸೇರಿಸಿಯೇ ಜಾಗ ಕೊಳ್ಳುತ್ತಿದ್ದೀರಿ ಎಂದು ತಿಳಿಯಿರಿ.

ಇನ್ನು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಇದು ಒಡೆತನ ಕಿತ್ತುಕೊಳ್ಳುವುದಿಲ್ಲ, ಬಳಕೆಗೆ ಮಿತಿ ಹಾಕುತ್ತದೆ. ಈಗ ನಡೆಯುವುದು 2019ರ ಜನವರಿ 18ರ ಅಧಿಸೂಚನೆ. ಉಬ್ಬರದ ಗೆರೆ ಎಂದರೆ ನೀವು ಹೋದ ದಿನ ಮರಳಲ್ಲಿ ಕಂಡ ಒದ್ದೆ ಗೆರೆಯಲ್ಲ. ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ತಲುಪುವ ಗರಿಷ್ಠ ಗೆರೆ ಅದು. ಅದನ್ನು ಗುರುತಿಸುವುದು ಅಧಿಕೃತ ಸಂಸ್ಥೆಯ ಕೆಲಸ. ಗ್ರಾಮೀಣ ಭಾಗದಲ್ಲಿ 2011ರ ಜನಗಣತಿಯಂತೆ ಜನಸಾಂದ್ರತೆ ಚದರ ಕಿ.ಮೀ.ಗೆ 2,161 ದಾಟದಿದ್ದರೆ ಆ ಗೆರೆಯಿಂದ 200 ಮೀಟರ್ ಅಭಿವೃದ್ಧಿ ನಿಷಿದ್ಧ ವಲಯ. ಮೇಲಿನ 50 ಸೆಂಟ್ಸ್ ಅಂಥ ಊರಲ್ಲಿದ್ದರೆ ಜಾಗವೆಲ್ಲ ಅದರೊಳಗೇ ಬಂತು! ರೆಸಾರ್ಟ್ ಕನಸು ಅಲ್ಲಿಗೆ ನಿಂತಿತು. ಸಿಆರ್‌ಝಡ್‌ನ 1:25,000 ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಲು ಹೋಗಬೇಡಿ. ಅದರಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದಲ್ಲಿ 25 ಮೀಟರ್, ಪೆನ್ಸಿಲ್ ಗೆರೆಯ ದಪ್ಪದಲ್ಲೇ ಮನೆಯ ಅಂಗಳ ಹೋಗುತ್ತದೆ. ಸರ್ವೆ ನಂಬರ್ ಕಾಣುವ, ಸುಮಾರು 1:4,000 ಅಳತೆಯ ನಕ್ಷೆಯಲ್ಲಿ ಗುರುತು ಮಾಡಿಸಿ.

ಬೇಲಿಯ ವಿಷಯದಲ್ಲಿ ರೆಸಾರ್ಟ್‌ಗಳಿಗೆ ಹಾಕುವ ಷರತ್ತು ಸ್ಪಷ್ಟ. ಗಿಡದ ಬೇಲಿ, ಹಸಿರು ಹಬ್ಬಿಸಿದ ತಂತಿ ಬೇಲಿ ಆಗಬಹುದು, ಆದರೆ ಜನ ದಂಡೆಗೆ ಹೋಗಲು ಯಾವ ರೀತಿಯಲ್ಲೂ ಅಡ್ಡಿಯಾಗಬಾರದು. ಎರಡು ರೆಸಾರ್ಟ್‌ಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ದಾರಿ ಬಿಡಬೇಕು. ಮರಳ ದಿಬ್ಬ ಸಮ ಮಾಡುವಂತಿಲ್ಲ. ಕೆಂಪುಕಲ್ಲಿನ ಕಾಂಪೌಂಡ್ ಕಟ್ಟಿ ಆಮೇಲೆ ಸಕ್ರಮ ಮಾಡಿಸಿಕೊಳ್ಳೋಣ ಎನ್ನುವವರಿಗೆ ಗೋವಾದ ವಾಯಂಗಿಣಿ ದಂಡೆಯ ಪ್ರಕರಣ ಗೊತ್ತಿರಲಿ. ಹೋಟೆಲ್ ಜಾಗದ ಮೂಲಕ ಜನ ಕಡಲಿಗೆ ಹೋಗುವ ದಾರಿಯನ್ನು 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಲ್ಲಿ ಸರ್ಕಾರದೊಂದಿಗಿನ ಒಪ್ಪಂದದಲ್ಲೇ ದಾರಿಯ ಷರತ್ತಿತ್ತು, ನಿಮ್ಮಲ್ಲಿ ಇಲ್ಲದಿರಬಹುದು. ಆದರೂ ಕಡಲ ದಂಡೆಯಂಥ ಸಂಪತ್ತನ್ನು ಸರ್ಕಾರ ಜನರ ಪರವಾಗಿ ಕಾಯಬೇಕು ಎಂಬ ತತ್ವವನ್ನು ಕೋರ್ಟ್ ಒತ್ತಿ ಹೇಳಿದೆ.

ಊರವರಿಗೂ ಒಂದು ಮಾತು. ದಂಡೆ ಎಲ್ಲರದು ಎಂದ ಮಾತ್ರಕ್ಕೆ ಯಾರ ತೋಟದಲ್ಲಾದರೂ ನುಗ್ಗಿ ದಂಡೆಗೆ ಇಳಿಯಬಹುದು ಎಂದಲ್ಲ. ದಂಡೆಯ ಮೇಲಿರುವ ಹಕ್ಕು ಬೇರೆ, ಅಲ್ಲಿಗೆ ಹೋಗುವ ದಾರಿಯ ಹಕ್ಕು ಬೇರೆ. ನಕಾಶೆಯಲ್ಲಿ ದಾರಿ ಇದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆರವು ಕೇಳಿ. ಇಲ್ಲದಿದ್ದರೆ 1882ರ ಈಸ್‌ಮೆಂಟ್ (ಬೇರೆಯವರ ಜಾಗವನ್ನು ದಾರಿ ಮುಂತಾದದ್ದಕ್ಕೆ ಬಳಸುವ ಹಕ್ಕಿನ) ಕಾಯ್ದೆಯ 15ನೇ ಕಲಂನಂತೆ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ನಡೆದದ್ದನ್ನು ಸಾಬೀತು ಮಾಡಬೇಕು. ‘ಹಕ್ಕಿನಿಂದ’ ಎನ್ನುವಲ್ಲೇ ಹೆಚ್ಚಿನವರು ಸೋಲುತ್ತಾರೆ. ಧಣಿಗಳ ಅಪ್ಪಣೆ ಕೇಳಿ ನಡೆಯುತ್ತಿದ್ದೆವು ಎಂದು ಸಾಕ್ಷಿಯ ಬಾಯಲ್ಲಿ ಬಂದರೆ ಆ ವರ್ಷಗಳು ಲೆಕ್ಕಕ್ಕೆ ಬರುವುದು ಕಷ್ಟ. ಇಡೀ ಊರು ತಲೆಮಾರಿನಿಂದ ದೋಣಿ, ಕೈರಂಪಣಿ ಬಲೆ ಹೊತ್ತು ನಡೆದ ದಾರಿಯಾದರೆ 18ನೇ ಕಲಂನ ರೂಢಿಯ ಹಕ್ಕನ್ನೂ ಜೊತೆಗೇ ಕೇಳಬೇಕು. ಅದನ್ನು ವಕೀಲರಿಗೆ ನೆನಪಿಸಿ.

ಗೇಟು ಬಿದ್ದ ವಾರವೇ ದಿನಾಂಕ ಕಾಣುವ ಫೋಟೊ ತೆಗೆದಿಡಿ. ಪಂಚಾಯತಿಗೆ ಬರೆದುಕೊಟ್ಟು ಹಿಂಬರಹ ಪಡೆಯಿರಿ. ಆಸುಪಾಸಿನ ಹಳೆಯ ಪತ್ರಗಳಲ್ಲಿ ‘ಮಾಮೂಲು ದಾರಿ’ ಎಂದಿರುವ ಪುಟಗಳನ್ನು ಒಟ್ಟು ಮಾಡಿ. ಕಟ್ಟಡ, ಕಾಂಪೌಂಡ್ ಇದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕರಾವಳಿ ವಲಯ ಸಮಿತಿಗೆ ಬೇರೆ ದೂರು ಕೊಡಿ. 15ನೇ ಕಲಂನ ಆ 20 ವರ್ಷ ದಾವೆಗೆ ಹಿಂದಿನ ಎರಡು ವರ್ಷದೊಳಗೆ ಮುಗಿದಿರಬೇಕೆಂದು ಕಾಯ್ದೆ ಹೇಳುತ್ತದೆ. ಹಾಗಾಗಿ ರಾಜಿ ಮಾತುಕತೆ ನಡೆಯುತ್ತಿದ್ದರೂ ಗೇಟು ಬಿದ್ದು ಎರಡು ವರ್ಷ ದಾಟುವ ಮೊದಲೇ ದಾವೆ ಹಾಕಿಬಿಡಿ.