ಮಳೆಯ ಮೋಡ ಹೋಗಿ ಚುಕ್ಕೆ ಯಾಕೆ ಬಂತು?

ಪ್ರಶ್ನೆ: ನಮ್ಮ ಹವಾಮಾನ ಸಾಫ್ಟ್‌ವೇರ್‌ನಲ್ಲಿ ಮೊದಲು ಮಳೆ ಅಂದ್ರೆ ಒಂದು ಮೋಡ, ಕೆಳಗೆ ನಾಲ್ಕು ಹನಿ ಇರ್ತಿತ್ತು. ಅಪ್‌ಡೇಟ್ ಆದ ಮೇಲೆ ಬರೀ ಚುಕ್ಕೆಗಳು. ಕೆಲವು ಕಡೆ ಪಕ್ಕಪಕ್ಕ, ಕೆಲವು ಕಡೆ ಒಂದರ ಮೇಲೊಂದು. ಹಳೇದೇ ಚೆನ್ನಾಗಿತ್ತು ಅಲ್ವಾ? (ತೀರ್ಥಹಳ್ಳಿಯ ಅಡಿಕೆ ಬೆಳೆಗಾರರೊಬ್ಬರು)

ಉತ್ತರ: ನೋಡೋಕೆ ಹಳೇದೇ ಚಂದ, ಒಪ್ಪುತ್ತೇನೆ. ಆದರೆ ಆ ಮೋಡ ಹೇಳುತ್ತಿದ್ದದ್ದು ‘ಮಳೆ ಬರ್ತಿದೆ’ ಅಂತ ಅಷ್ಟೇ. ಜುಲೈ ತಿಂಗಳಲ್ಲಿ ಆಗುಂಬೆಯಲ್ಲಿ ಕೂತವರಿಗೆ ಅದನ್ನು ಕಂಪ್ಯೂಟರ್ ಬಂದು ಹೇಳಬೇಕಾ? ಎಂಥ ಮಳೆ ಅನ್ನೋದು ನಮಗೆ ಬೇಕು.

ಹವಾಮಾನ ಕೇಂದ್ರದಿಂದ ಚಿತ್ರ ಬರುವುದಿಲ್ಲ, ಅಂಕಿ ಬರುತ್ತದೆ. ಆ ಹೊತ್ತಿನ ಹವೆಗೆ 00ರಿಂದ 99ರವರೆಗೆ ಕೋಡ್‌ಗಳಿವೆ. ಅವನ್ನು ನಕ್ಷೆಯಲ್ಲಿ ಹೇಗೆ ತೋರಿಸಬೇಕು ಅಂತ ಜಿನೀವಾದ ವಿಶ್ವ ಹವಾಮಾನ ಸಂಸ್ಥೆ ಗೊತ್ತುಮಾಡಿದೆ. ಸಾಮಾನ್ಯ ಮಳೆಗೇ 60ರಿಂದ 65ರವರೆಗೆ ಆರು ಕೋಡ್. ಮೋಡದ ಚಿತ್ರ ಹಾಕುವ ಸಾಫ್ಟ್‌ವೇರ್ ಆ ಆರನ್ನೂ ಒಂದೇ ಮಾಡಿಬಿಡುತ್ತದೆ.

ಚುಕ್ಕೆಗಳ ಲೆಕ್ಕ ಕಷ್ಟದ್ದೇನಲ್ಲ. ಒಂದೇ ಚುಕ್ಕೆ ಇದ್ದರೆ ಸಣ್ಣ ಮಳೆ, ಬಿಟ್ಟು ಬಿಟ್ಟು. ಎರಡು ಪಕ್ಕಪಕ್ಕ ಇದ್ದರೆ ಸಣ್ಣದೇ, ಆದರೆ ಹಿಂದಿನ ಒಂದು ಗಂಟೆ ಬಿಡದೆ ಸುರಿದಿದೆ. ಎರಡು ಒಂದರ ಮೇಲೊಂದು ಇದ್ದರೆ ಸಾಧಾರಣ ಮಳೆ, ನಡುವೆ ಹೊಳವು ಕೊಟ್ಟಿದೆ. ಮೂರು ಚುಕ್ಕೆ ಒಲೆಗುಂಡಿನ ಹಾಗೆ ಕೂತಿದ್ದರೆ ಸಾಧಾರಣ ಮಳೆ, ಹೊಳವಿಲ್ಲ. ಮೂರು ಕಂಬದ ಹಾಗೆ ನಿಂತರೆ ಜೋರು ಮಳೆ, ಬಿಟ್ಟು ಬಿಟ್ಟು. ನಾಲ್ಕು ಸೇರಿ ಇಸ್ಪೀಟಿನ ಡೈಮಂಡ್ ಆದರೆ ಜೋರು ಮಳೆ, ಬಿಡುವೇ ಇಲ್ಲ. ಜಿಟಿಜಿಟಿಗೆ ಚುಕ್ಕೆ ಅಲ್ಲ, ಅಲ್ಪವಿರಾಮ. ಮಂಜಿಗೆ ಮೂರು ಅಡ್ಡಗೆರೆ. ಅದಕ್ಕೆ ಹಳದಿ ಬಣ್ಣ ಕೊಡುವ ರೂಢಿ ಇದೆ. ನೋಡಿ ಯೆಲ್ಲೋ ಅಲರ್ಟ್ ಅಂದುಕೊಂಡು ಗಾಬರಿಯಾಗಬೇಡಿ.

ಈ ಬದಲಾವಣೆ ಮಾಡುವ ನಮ್ಮಂಥವರಿಗೆ ಚಿತ್ರ ಬರೆಯೋದು ದೊಡ್ಡ ಕೆಲಸ ಅಲ್ಲ. ಯಾವ ಕೋಡ್‌ಗೆ ಯಾವ ಚಿಹ್ನೆ ಅಂತ ಪಟ್ಟಿ ಜೋಡಿಸೋದರಲ್ಲಿ ಎಡವುತ್ತೇವೆ. ನಾನೇ ಒಮ್ಮೆ ಎಡವಿದ್ದೆ. ಚಿಹ್ನೆಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು, ನಾನು ಒಂದರಿಂದ ಹಿಡಿದೆ. ಎಲ್ಲವೂ ಒಂದು ಮನೆ ಮುಂದಕ್ಕೆ ಸರಿಯಿತು. 60 ಬಂದರೆ 61ರ ಚುಕ್ಕೆ. ಬಿಟ್ಟು ಬಿಟ್ಟು ಬಂದ ಮಳೆಯೆಲ್ಲ ನನ್ನ ನಕ್ಷೆಯಲ್ಲಿ ಬಿಡದೆ ಸುರಿಯಿತು! ಪರದೆ ಮೇಲೆ ಚುಕ್ಕೆ ಇತ್ತಲ್ಲ, ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ನನಗೂ.

ಗಾಳಿಯದ್ದು ಇನ್ನೊಂದು ತಾಪತ್ರಯ. ನಕ್ಷೆಯಲ್ಲಿ ಗಾಳಿಯ ದಿಕ್ಕು, ವೇಗ ತೋರಿಸೋಕೆ ಹಾಕುವ ಗಾಳಿಕಡ್ಡಿಯ ಅರ್ಧ ಗೆರೆ ಅಂದರೆ 5 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಅನ್ನೋ ವೇಗದ ಅಳತೆ), ಪೂರ್ತಿ ಗೆರೆ 10, ತ್ರಿಕೋನ ಬಾವುಟ 50. ವರದಿಯಲ್ಲಿ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಬಂದಿದ್ದು, ಸಾಫ್ಟ್‌ವೇರ್ ಅದನ್ನು ನಾಟ್ ಅಂತ ಓದಿಕೊಂಡರೆ ನಕ್ಷೆಯಲ್ಲಿ ಗಾಳಿ ಹೆಚ್ಚುಕಮ್ಮಿ ಅರ್ಧ ಆಗಿಬಿಡುತ್ತದೆ.

ನಿಮ್ಮಲ್ಲಿ ಹಳೇ ಚಿತ್ರಕ್ಕೆ ವಾಪಸ್ ಹೋಗುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಇರಬಹುದು. ಅದಕ್ಕೆ ಮೊದಲು ಒಂದು ವಾರ ಚುಕ್ಕೆಗಳನ್ನು ನೋಡಿ. ಹಾಗಂತ ಚುಕ್ಕೆಗಳು ಒಂದರ ಮೇಲೊಂದು ಕಂಡವು, ಹೊಳವಿದೆ ಅಂತ ಅಡಿಕೆಗೆ ಹೊಡೆಯುವ ಬೋರ್ಡೋ ಔಷಧಿ ಕಲಸೋಕೆ ಕೂರಬೇಡಿ. ಅದು ಕೇಂದ್ರದವರಿಗೆ ಆ ಹೊತ್ತಿನಲ್ಲಿ ಕಂಡ ಮಳೆ. ನಾಳೆಯ ಹೊಳವಿಗೆ ಮುನ್ಸೂಚನೆಯನ್ನೇ ನೋಡಬೇಕು.