ಹನ್ನೆರಡು ಸುಧಾರಣೆಗಳಲ್ಲಿ ಮೊದಲು ಯಾವುದು?

ಪ್ರಶ್ನೆ: ನಮ್ಮದು ತಾಲ್ಲೂಕು ಆಸ್ಪತ್ರೆ. ಗುಣಮಟ್ಟ ಸಮಿತಿಯ ಮುಂದೆ 12 ಸುಧಾರಣೆಗಳ ಪಟ್ಟಿ ಇದೆ. ಪ್ರತಿ ವಿಭಾಗದವರೂ ನಮ್ಮದೇ ಮೊದಲಾಗಲಿ ಅಂತಾರೆ. ನಂಬುವಂಥ ಅಂಕಿಅಂಶ ಕಡಿಮೆ. ಅನುಭವಸ್ಥರನ್ನು ಕೇಳಿ ಆರಿಸಿದರೆ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ, ಕೇಳುವ ಕ್ರಮ ಸರಿಯಿದ್ದರೆ. ಸಭೆಯಲ್ಲಿ ಮುಖ್ಯ ವೈದ್ಯಾಧಿಕಾರಿ ಮೊದಲು ಬಾಯಿಬಿಟ್ಟರೆ ಉಳಿದವರು ಹೂಂಗುಟ್ಟುತ್ತಾರೆ. ಅಲ್ಲಿಗೆ ಎಲ್ಲರ ಹೆಸರಲ್ಲಿ ಒಬ್ಬರ ತೀರ್ಮಾನ ದಾಖಲಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿ ಹುಟ್ಟಿದ ಡೆಲ್ಫಿ ವಿಧಾನ ಇದಕ್ಕೆ ಒಳ್ಳೆಯ ಮದ್ದು. ಹೆಸರು ಬರೆಯದೆ ಎಲ್ಲರೂ ಪ್ರತ್ಯೇಕವಾಗಿ ಅಂಕ ಕೊಡುತ್ತಾರೆ. ಒಟ್ಟು ಫಲಿತಾಂಶ ತೋರಿಸಿ ಮತ್ತೊಂದು ಸುತ್ತು ಕೇಳಲಾಗುತ್ತದೆ. ತಜ್ಞರ ಸಾಲಿನಲ್ಲಿ ರಾತ್ರಿ ಪಾಳಿಯ ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಲ್ಯಾಬ್ ಟೆಕ್ನಿಷಿಯನ್ ಇರಲೇಬೇಕು.

ಅಂಕ ಹಾಕಲು ಹೆಚ್ಚಿನವರು ಎಫ್‌ಎಂಇಎ (ಎಲ್ಲಿ, ಹೇಗೆ ತಪ್ಪಾಗಬಹುದು ಎಂದು ಮೊದಲೇ ಅಳೆಯುವ ವಿಧಾನ) ಬಳಸುತ್ತಾರೆ: ಅಪಾಯದ ತೀವ್ರತೆ, ಎಷ್ಟು ಸಲ ಆಗುತ್ತದೆ, ಮೊದಲೇ ಪತ್ತೆಹಚ್ಚುವುದು ಎಷ್ಟು ಕಷ್ಟ ಎಂಬ ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸುವುದು. ಎಡವುವುದು ಇಲ್ಲೇ. ವಾರ್ಡಿನ ಟ್ರೇಯಲ್ಲಿ ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲೇ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಇಟ್ಟಿದ್ದಾರೆ ಅನ್ನಿ. ಕೈತಪ್ಪಿ ಅದನ್ನು ನೇರ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ಅಂಕ 10×2×4, ಅಂದರೆ 80. ಲ್ಯಾಬ್ ವರದಿ ತಡವಾಗುವುದಕ್ಕೆ 4×7×3, ಅಂದರೆ 84. ಲೆಕ್ಕದ ಮಾತು ಕೇಳಿದರೆ ಲ್ಯಾಬ್ ವರದಿಯೇ ಮೊದಲು! ಈ ದೋಷ ಗೊತ್ತಿದ್ದೇ ವಾಹನ ಉದ್ಯಮದವರು ತಮ್ಮ 2019ರ ಎಫ್‌ಎಂಇಎ ಕೈಪಿಡಿಯಲ್ಲಿ ಗುಣಾಕಾರವನ್ನು ಕೈಬಿಟ್ಟರು. ನೀವೂ ತೀವ್ರತೆ 9 ಅಥವಾ 10 ಬಂದದ್ದನ್ನೆಲ್ಲ ಪೈಪೋಟಿಯಿಂದ ಹೊರತೆಗೆದು ಮೊದಲು ಮುಗಿಸಿ. ಆ ಆಂಪೂಲ್‌ಗಳನ್ನು ವಾರ್ಡಿನಿಂದ ತೆಗೆದು ಬೀಗದಲ್ಲಿಡಲು ಬಜೆಟ್ ಬೇಕಿಲ್ಲ, ಒಂದು ಆದೇಶ ಸಾಕು.

ಸರಾಸರಿಯನ್ನೂ ಅಷ್ಟಾಗಿ ನಂಬಬೇಡಿ. ನರ್ಸ್‌ಗಳು 9, ವೈದ್ಯರು 3 ಕೊಟ್ಟ ವಿಷಯದ ಸರಾಸರಿ 6 ಎಂದು ಬರೆದುಕೊಂಡರೆ ಜಗಳ ಮುಚ್ಚಿಹೋಯಿತಷ್ಟೇ. ಯಾಕೆ ಇಷ್ಟು ಅಂತರ ಎಂದು ಕೇಳಿ. ವಾರ್ಡಿನಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂಬುದು ಆಗ ಹೊರಬರುತ್ತದೆ.

ಉಳಿದವುಗಳಲ್ಲಿ ನಾಲ್ಕೈದು ಸಮಸಮ ನಿಂತರೆ ಮಾತ್ರ ಗಣಿತಜ್ಞ ಥಾಮಸ್ ಸಾಟಿಯವರ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ವಿಧಾನಕ್ಕೆ ಹೋಗಿ. ಅದರಲ್ಲಿ ಎರಡೆರಡನ್ನೇ ಎದುರಿಟ್ಟು ತೂಗಬೇಕು. 12 ವಿಷಯಕ್ಕಾದರೆ 66 ಹೋಲಿಕೆ, ಯಾರಿಗೂ ತಾಳ್ಮೆ ಉಳಿಯದು. 5ಕ್ಕೆ ಬರೀ 10. ಲೆಕ್ಕವನ್ನು ಎಕ್ಸೆಲ್ ಮಾಡಿಕೊಡುತ್ತದೆ. ಯಾರದಾದರೂ ಉತ್ತರ ಒಂದಕ್ಕೊಂದು ತಾಳೆಯಾಗದೆ ಅಸಂಗತಿಯ ಅನುಪಾತ 0.10 ದಾಟಿದರೆ, ಹಾಳೆಯನ್ನು ಅವರಿಗೇ ವಾಪಸ್ ಕೊಟ್ಟು ಇನ್ನೊಮ್ಮೆ ಯೋಚಿಸಲು ಹೇಳಿ.